ಎರಡನೇ ಕುರ್ಚಿ

ನ್ಯಾಯಾಲಯದ ಹೆಡ್ ಕ್ಲರ್ಕಿಗೆ ಎಲ್ಲರೂ ಇಟ್ಟ ಹೆಸರು ಅಚ್ಚುಕಟ್ಟಣ್ಣ. ಅವರ ಮೇಜಿನ ಮೇಲೆ ಪೆನ್ನು ಕೂಡ ಅಪ್ಪಣೆಯಿಲ್ಲದೆ ಉರುಳುತ್ತಿರಲಿಲ್ಲ. ಅವರಿಗಿದ್ದದ್ದು ಒಂದೇ ಹಂಬಲ: ತಾವು ನಿವೃತ್ತರಾಗುವ ಮೊದಲು ಅಲ್ಲಿಗೆ ಎರಡನೇ ನ್ಯಾಯಾಧೀಶರು ಬರಬೇಕು. ಇದ್ದೊಬ್ಬ ನ್ಯಾಯಾಧೀಶೆ ಕಡತಗಳ ರಾಶಿಯ ಹಿಂದೆ ಬರೀ ಕನ್ನಡಕವಾಗಿ ಕಾಣುತ್ತಿದ್ದರು. ಒಂದು ಗೋಡೆ ಜಗಳ ಎಷ್ಟು ಎಳೆದಿತ್ತೆಂದರೆ ವಾದಿ ಪ್ರತಿವಾದಿಗಳು ಬೀಗರೇ ಆಗಿಬಿಟ್ಟಿದ್ದರು. ರಾಜಿಯಾಗಿದ್ದೇವೆಂದು ಹೇಳಲಿಕ್ಕೂ ಅವರಿಗೆ ಸರದಿ ಸಿಕ್ಕಿರಲಿಲ್ಲ.

ಕೇಳಿ ಕೇಳಿ ಸಾಕಾದ ಮೇಲೆ ಮೇಲಿನ ಕಚೇರಿ ಒಬ್ಬ ಅಧಿಕಾರಿಣಿಯನ್ನು ಕಳಿಸಿತು. ಯಾವ ಮೊಕದ್ದಮೆ ನ್ಯಾಯಾಧೀಶರ ಎಷ್ಟು ಹೊತ್ತು ತಿನ್ನುತ್ತದೆಂದು ಆಕೆ ಕೂತು ಅಳೆಯುವುದು, ಕೆಲಸ ಒಬ್ಬರ ಕೈಮೀರಿದ್ದರೆ ಮೇಲಿನವರು ಇನ್ನೊಬ್ಬರನ್ನು ಕೊಡುವುದು ಎಂದು ಏರ್ಪಾಡು.

ಅಧಿಕಾರಿಗಳು ಬರುತ್ತಾರೆಂದರೆ ಅಚ್ಚುಕಟ್ಟಣ್ಣನ ಕೈ ಸುಮ್ಮನಿರುವುದುಂಟೇ? ಕಡತಗಳನ್ನು ಒಳಕೋಣೆಗೆ ಸಾಗಿಸಿದರು. ವರಾಂಡ ತೊಳೆಸಿದರು. ವಕೀಲರ ಗಡ್ಡ ಹಿಡಿದು ಅರ್ಧ ಮೊಕದ್ದಮೆಗಳನ್ನು ಮರುದಿನಕ್ಕೆ ಹಾಕಿಸಿದರು. ಅಧಿಕಾರಿಣಿ ಬಂದು ಕೂತ ದಿನ ಹೊತ್ತಿಗೆ ಮುಂಚೆಯೇ ಕೆಲಸ ಮುಗಿದ ನ್ಯಾಯಾಧೀಶೆ, ಏನೋ ಕಳೆದುಕೊಂಡವರಂತೆ ಸುತ್ತ ನೋಡಿದರು.

"ದಿನಾ ಹೀಗೇನಾ ಸಾರ್?" ಎಂದಳು ಅಧಿಕಾರಿಣಿ.

"ನಾನಿರೋ ತನಕ ಹೀಗೇನಮ್ಮ," ಎಂದು ಎದೆಯುಬ್ಬಿಸಿದರು.

"ಹಾಗಾದ್ರೆ ಇನ್ನೊಬ್ಬ ಜಡ್ಜ್ ಬೇಕಿಲ್ಲ ಬಿಡಿ."

ಉಬ್ಬಿದ ಎದೆ ಮನೆ ಮುಟ್ಟುವಷ್ಟರಲ್ಲಿ ಬೆನ್ನಿಗೆ ಅಂಟಿಕೊಂಡಿತ್ತು. ಹೆಂಡತಿ ಎಲ್ಲ ಕೇಳಿಸಿಕೊಂಡು, "ಡಾಕ್ಟ್ರು ಬಂದಾಗ ಕೆಮ್ಮು ತಡ್ಕೊಂಡು ಕೂತೋರು ಲೋಕದಲ್ಲಿ ನೀವೊಬ್ರೇ ಇರ್ಬೇಕು ಕಣ್ರೀ. ನಾಳೆ ಹೋಗಿ ಚೆನ್ನಾಗಿ ಕೆಮ್ಮಿ," ಎಂದಳು.

ಮರುದಿನ ಅವರು ಅಧಿಕಾರಿಣಿಯನ್ನು ಬಾಗಿಲಲ್ಲೇ ತಡೆದರು. "ನಿನ್ನೆದು ಲೆಕ್ಕಕ್ಕಿಲ್ಲಮ್ಮ. ನಾನೇ ಗುಡಿಸಿಟ್ಟಿದ್ದೆ."

ಆಕೆ ನಿನ್ನೆಯ ಹಾಳೆ ಹರಿದು, ಹೊಸದಾಗಿ ಅಳೆಯಲು ಕೂತಳು. ಕಡತಗಳು ಹೊರಬಂದವು, ನ್ಯಾಯಾಧೀಶೆ ಮತ್ತೆ ಕನ್ನಡಕವಾದರು. ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಟ್ಟು ಜಾರಿ ಅಧಿಕಾರಿಣಿಯ ಕಾಲ ಮೇಲೆ ಬಿದ್ದಾಗ ಅಚ್ಚುಕಟ್ಟಣ್ಣ ಎತ್ತಿಡಲು ಬಗ್ಗಿದವರು, ಕೈ ಹಿಂದಕ್ಕೆ ಕಟ್ಟಿಕೊಂಡು ನೆಟ್ಟಗೆ ನಿಂತರು. ವಾರವಿಡೀ ಹಾಗೆ ಏನನ್ನೂ ಸರಿಮಾಡದೆ ನಿಂತದ್ದೇ ಅವರ ಸೇವಾವಧಿಯ ಅತಿ ಕಷ್ಟದ ಕೆಲಸ. ಕೊನೆಗೆ ಅಧಿಕಾರಿಣಿ ಬರೆದದ್ದು: ಇಲ್ಲಿ ಒಬ್ಬರು ಮಾಡುತ್ತಿರುವುದು ಇಬ್ಬರಿಗೂ ಹೆಚ್ಚಾಗುವ ಕೆಲಸ.

ಅವರ ನಿವೃತ್ತಿಗೆ ಮೊದಲೇ ಹೊಸ ನ್ಯಾಯಾಧೀಶರು ಬಂದರು. ಕೂರಿಸಲು ಇದ್ದದ್ದು ಮಹಡಿಯ ಮೇಲಿನ ಅಚ್ಚುಕಟ್ಟಣ್ಣನ ಕೋಣೆಯೊಂದೇ. ಮದುವೆ ಮನೆಯ ಯಜಮಾನನಂತೆ ಓಡಾಡಿ ತಾವೇ ಅಲ್ಲಿ ಕುರ್ಚಿ ಹಾಕಿಸಿ, ತಮ್ಮ ಮೇಜನ್ನು ಮೆಟ್ಟಿಲ ಕೆಳಗೆ ತಳ್ಳಿಸಿಕೊಂಡರು.

ಮೊದಲ ದಿನವೇ ಗೋಡೆ ಜಗಳದ ಬೀಗರ ಸರದಿ ಬಂತು. ರಾಜಿ ದಾಖಲಾಗಿ, ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಧಡಧಡನೆ ಇಳಿದರು. ಮೆಟ್ಟಿಲ ಧೂಳೆಲ್ಲ ಅಚ್ಚುಕಟ್ಟಣ್ಣನ ಮೇಜಿನ ಮೇಲೆ ಸುರಿಯಿತು.

ಜವಾನ ಬಟ್ಟೆ ಹಿಡಿದು ಓಡಿಬಂದ.

"ಇರ್ಲಿ ಬಿಡಪ್ಪಾ," ಎಂದರು ಅಚ್ಚುಕಟ್ಟಣ್ಣ. "ಇನ್ನೂ ಜನ ಇಳೀಬೇಕು."