ಹಸಿ ಕಾಯಿ ಆರಿಸುತ್ತಾ ಕೊಲೆಗಾತಿಯರನ್ನು ನೋಡಿದ್ದು

ಎಂ.ಎ. ಕೊನೆಯ ವರ್ಷದಲ್ಲಿ ಮೂರು ತಿಂಗಳು ನಾನು ಗಂಡಂದಿರನ್ನು ಕೊಲ್ಲಿಸುವ ಹೆಂಗಸರ ಸಹವಾಸದಲ್ಲಿದ್ದೆ. ಗಾಬರಿ ಬೇಡ, ಎಲ್ಲರೂ ಲ್ಯಾಪ್‌ಟಾಪಿನೊಳಗಿದ್ದವರು. ನನ್ನ ಪ್ರಬಂಧದ ವಿಷಯ ಫಿಲ್ಮ್ ನ್ವಾರ್‌ನಲ್ಲಿ ಸ್ತ್ರೀ ಚಿತ್ರಣ. ಅಂದರೆ ಅಮೆರಿಕದ ಹಳೆಯ ಕಪ್ಪುಬಿಳುಪು ಅಪರಾಧ ಚಿತ್ರಗಳು. ಅರ್ಧ ಮುಖಕ್ಕೆ ನೆರಳು, ಬೆರಳಲ್ಲಿ ಸಿಗರೇಟು, ಒಬ್ಬ ಬಡಪಾಯಿ ಗಂಡಸು, ಅವನನ್ನು ಹಾಳುಮಾಡಲೆಂದೇ ಹುಟ್ಟಿದ ಒಬ್ಬ ಚೆಲುವೆ. ಮನೆಯಲ್ಲಿ ಕೇಳಿದವರಿಗೆ ‘ಹಳೇ ಸಿನಿಮಾ’ ಎಂದಷ್ಟೇ ಹೇಳಿದ್ದೆ. ಅಮ್ಮ ಅವನ್ನು ಭಕ್ತಿಪ್ರಧಾನ ಚಿತ್ರಗಳೆಂದುಕೊಂಡಿದ್ದಳು. ನಾನೂ ತಿದ್ದಲು ಹೋಗಲಿಲ್ಲ.

ಮೊದಲ ಅಧ್ಯಾಯ ಓದಿದ ಗೈಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದರಲ್ಲಿ ಎಲ್ಲರೂ ಹೇಳಿದ್ದು ಇದೆ. ನೀವು ಕಂಡದ್ದು ಎಲ್ಲಿ? ಸಂಕ್ರಾಂತಿ ಕಳೆದ ಮೇಲೆ ಬನ್ನಿ. ನಿಮ್ಮದು ಅನ್ನುವ ಒಂದೇ ಒಂದು ಮಾತು ಇರಲಿ. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.” ಸಹಿ ಇಲ್ಲವೆಂದರೆ ಒಂದು ವರ್ಷ ಮಣ್ಣುಪಾಲು.

ಒಬ್ಬಳೇ ಕೂತು ಯೋಚಿಸೋಣವೆಂದು ದೋಣಿಗಲ್ಲಿನ ಹತ್ತಿರ ಚಿಕ್ಕಮ್ಮನ ಎಸ್ಟೇಟಿಗೆ ಹೋದೆ. ಅದು ಕಾಫಿ ಕೊಯ್ಲಿನ ಕಾಲ. ಚಿಕ್ಕಮ್ಮ ತನ್ನ ಮನೆಯಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಟ್ಟವಳಲ್ಲ. ಮಧ್ಯಾಹ್ನದ ಮೇಲೆ ಆಳುಗಳ ಲೆಕ್ಕ ಬರೆಯುವ ರೈಟರ್ ಬಾಳ್ಳುಪೇಟೆಗೆ ಹೋಗುತ್ತಿದ್ದರು. ಅಷ್ಟು ಹೊತ್ತು ಕಾಫಿ ಸ್ಟೋರಿನ ಜಗಲಿಯಲ್ಲಿ ಕೂತು ಕೂಲಿ ಹೆಂಗಸರ ಕೆಲಸ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅಂದು ಕೊಯ್ದು ತಂದ ಹಣ್ಣಿನ ರಾಶಿಯ ಸುತ್ತ ಆರೇಳು ಜನ ಕೂತು, ಕೆಂಪು ಹಣ್ಣಿನ ನಡುವೆ ಸೇರಿಕೊಂಡ ಹಸಿ ಕಾಯಿ ಆರಿಸಿ ತೆಗೆಯುತ್ತಿದ್ದರು. ನೋಡಿಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದೆ.

ಎರಡನೇ ದಿನಕ್ಕೆ ರಾಶಿಯೇ ನನ್ನ ಕಡೆ ಸರಿದಿತ್ತು. ಕೈ ಹಣ್ಣಿನ ಮೇಲೆ, ಕಣ್ಣು ಪರದೆಯ ಮೇಲೆ. ಇಂಗ್ಲಿಷ್ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ನನ್ನದಾಯಿತು.

“ಮನೆ ಒಳಗೂ ಟೋಪಿ ಯಾಕ್ ಹಾಕ್ಕೊಂಡವ್ನೆ?” ಎಂದು ಒಬ್ಬಳು ಕೇಳಿದಳು.

“ಅಷ್ಟ್ ದೊಡ್ಡ ಮನೆ, ಕಸ ಗುಡ್ಸೋರು ಯಾರೂ ಕಾಣಲ್ವಲ್ಲ?” ಇದು ಇನ್ನೊಬ್ಬಳು.

ಮುತ್ತಿಡುವ ಜಾಗ ಬಂದಾಗ ನಾನು ‘ಮಾತಾಡ್ತಿದ್ದಾರೆ’ ಎಂದು ಹಾರಿಸಿದೆ. “ಅಷ್ಟ್ ಹತ್ರ ನಿಂತ್ಕೊಂಡಾ?” ಎಂದರು ಎಲ್ಲರಿಗಿಂತ ಹಿರಿಯರಾದ ಅಜ್ಜಿ. ಆಮೇಲೆ ಹಾರಿಸುವ ಧೈರ್ಯ ಮಾಡಲಿಲ್ಲ.

ಆದರೆ ಇನ್ನೊಂದು ಕಳ್ಳತನ ಬಿಡಲಿಲ್ಲ. ಈ ಚಿತ್ರಗಳಲ್ಲಿ ಹೆಣ್ಣನ್ನು ವಿಷಕನ್ಯೆಯಾಗಿ ತೋರಿಸುತ್ತಾರೆ ಎಂಬುದು ನನ್ನ ಅಧ್ಯಾಯದ ವಾದ. ಅದು ಇವರಿಗೂ ಹಾಗೇ ಕಾಣಲಿ ಎಂದು ನಾಯಕಿಯ ಮಾತಿಗೆಲ್ಲ ಚಿಟಿಕೆ ಖಾರ ಸೇರಿಸಿ ಹೇಳುತ್ತಿದ್ದೆ. ಮೂರನೇ ಚಿತ್ರದ ಕೊನೆಯಲ್ಲಿ ಅವಳು ಗುಂಡೇಟು ತಿಂದು ಬಿದ್ದಳು. “ನೋಡಿದ್ರಾ, ಎಲ್ಲಾ ಮಾಡಿಸಿದ್ದು ಇವಳೇ” ಎಂದು ತೀರ್ಪು ಕೊಟ್ಟೆ.

ಅಜ್ಜಿ ಒಪ್ಪಲಿಲ್ಲ. “ಈ ಕತೆ ಹೇಳ್ತಿರೋನು ಯಾರು ಅಮ್ಮಣ್ಣಿ?”

“ಅವನೇ. ಆ ಟೋಪಿಯವನು.”

“ಅದಕ್ಕೇ ಮತ್ತೆ. ಅವ್ಳು ಇಂಥೋಳು ಅಂತ ಮೊದ್ಲೇ ಹೇಳ್ಬುಡ್ತಾನೆ, ಆಮೇಕೆ ಅವ್ಳು ಬತ್ತಾಳೆ. ಅವ್ಳು ಒಬ್ಳೇ ಇರೋದ್ನ ಒಂದ್ಸಲನಾದ್ರೂ ತೋರ್ಸುದ್ರಾ? ಯಾರೂ ಇಲ್ದಾಗ ಅವ್ಳು ನಗ್ತಾಳೋ, ಅಳ್ತಾಳೋ, ಕಾಲು ನೀಡ್ಕೊಂಡು ಕೂತ್ಕೋತಾಳೋ, ಯಾರ್ ಕಂಡೋರು?”

ನಾನು ಬಿಡಲಿಲ್ಲ. ಹದಿನೈದು ನಿಮಿಷ ವಾದ ಮಾಡಿದೆ. ಓದಿದ ಪುಸ್ತಕಗಳನ್ನೆಲ್ಲ ಸಾಕ್ಷಿಗೆ ಕರೆದೆ. ಅಜ್ಜಿ ಹಸಿ ಕಾಯಿ ಆರಿಸುತ್ತಲೇ ಇದ್ದರು. ಆ ವಾರವೆಲ್ಲ ನೋಡಿದ ಚಿತ್ರಗಳನ್ನೇ ಮತ್ತೆ ಹಾಕಿ, ನಾಯಕಿ ಒಬ್ಬಳೇ ಇರುವ ದೃಶ್ಯ ಹುಡುಕಿದೆ. ಅಜ್ಜಿಯನ್ನು ಸೋಲಿಸಲಿಕ್ಕೆ ಒಂದು ಸಿಕ್ಕರೆ ಸಾಕಿತ್ತು. ಒಂದೂ ಸಿಗಲಿಲ್ಲ.

ಸಿಟ್ಟು ಇಳಿದ ಮೇಲೆ ತಲೆಗೆ ಹೊಳೆಯಿತು, ಮೇಡಂ ಕೇಳಿದ ಒಂದು ಮಾತು ಇದೇ ಅಲ್ಲವೇ? ಕೂತು ಬರೆದೆ. ‘ಸಂಶೋಧಕಿಯು ಗಮನಿಸಿರುವಂತೆ, ಈ ಚಿತ್ರಗಳಲ್ಲಿ ನಾಯಕಿಗೆ ಏಕಾಂತವೇ ಇಲ್ಲ.’ ಕಳಿಸಿದ ಮಾರನೇ ದಿನವೇ ಮೇಡಂ ಉತ್ತರ ಬಂತು. ‘ಇದೇ ಬೇಕಿತ್ತು. ಬಂದು ಸಹಿ ಮಾಡಿಸಿಕೊಳ್ಳಿ.’

ಖುಷಿ ತಡೆಯಲಾಗದೆ ಜಗಲಿಯಲ್ಲಿ ಆ ಪುಟವನ್ನು ಓದಿ ಹೇಳಿದೆ. ಅಜ್ಜಿ ಗಮನವಿಟ್ಟು ಕೇಳಿದರು.

“ಸಂಶೋಧಕಿ ಅಂದ್ರೆ ಯಾರು?”

“ನಾನೇ ಅಜ್ಜಿ.”

“ಓ. ನೀನು ಅವತ್ತು ಅವ್ಳೇ ಮಾಡ್ಸಿದ್ದು ಅಂತ ನನ್ ಮೇಲೆ ಜಗಳಕ್ಕೆ ಬಂದಿದ್ದೆಯಲ್ಲ. ಅದ್ನ ಬರ್ದಿಲ್ವಾ?”

ಉಳಿದವರು ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಹಾಗಿದ್ದರೆ ನಿಮ್ಮ ಹೆಸರು ಹಾಕುತ್ತೇನೆ ಎಂದೆ. “ಬ್ಯಾಡ ಕಣವ್ವ, ಕೆಲ್ಸದ್ ಹೊತ್ನಲ್ಲಿ ಪಿಚ್ಚರ್ ನೋಡುದ್ರು ಅಂತ ರೈಟ್ರಿಗೆ ಗೊತ್ತಾಗ್ಬುಟ್ರೆ?” ಎಂದರು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ದಿನ ಒದ್ದಾಡಿ ಪುಟವನ್ನು ಮತ್ತೆ ಬರೆದೆ. ಜಗಲಿ, ಹಣ್ಣಿನ ರಾಶಿ, ಹೆಸರು ಬೇಡವೆಂದ ಒಬ್ಬ ಹಿರಿಯ ಹೆಂಗಸು, ಅವರ ಪ್ರಶ್ನೆ, ನನ್ನ ಜಗಳ, ಖಾರ ಸೇರಿಸಿದ ಅನುವಾದ, ಎಲ್ಲವನ್ನೂ. ಸಂಕ್ರಾಂತಿ ಕಳೆದು ವಾಪಸು ಹೋಗಿ ಕೊಟ್ಟಾಗ ಮೇಡಂ ನನ್ನೆದುರೇ ಓದಿದರು. ಸಹಿಗೆಂದು ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

“ಹಾಗಾದರೆ ಇದರಲ್ಲಿ ನಿಮ್ಮದು ಅನ್ನೋದು ಏನು ಉಳಿಯಿತು?”

ವರ್ಷ ಹೋದಂತೆಯೇ ಎಂದುಕೊಂಡೆ.

“ನಾನು ಮಾಡಿದ ತಪ್ಪು, ಮೇಡಂ. ಅದು ಪೂರ್ತಿ ನನ್ನದೇ.”

ಅವರು ಖಾರ ಸೇರಿಸಿದ ಅನುವಾದದ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಮುಚ್ಚಳ ತೆಗೆದು ಸಹಿ ಹಾಕಿದರು.