ಅಕ್ತರ್ ಮೆಕ್ಯಾನಿಕ್ ಓಡಿಸಿದ ಕಂಪ್ಯೂಟರು

ಅಕ್ತರ್ ಅವರನ್ನು ನಾನು ಮೊದಲು ಕಂಡದ್ದು 1993ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಶಾಲೆ ಮುಗಿಸಿ ಹಲಸೂರಿನ ಮನೆಗೆ ಹೊರಟಿದ್ದೆ. ಶಿವಾಜಿನಗರದ ಬಸ್ ನಿಲ್ದಾಣ ದಾಟುವಷ್ಟರಲ್ಲಿ ನನ್ನ ಹಳೆಯ ಸ್ಕೂಟರು ಕೆಮ್ಮಿ ನಿಂತಿತು. ಉತ್ತರಪತ್ರಿಕೆಗಳ ಚೀಲವನ್ನು ಹೆಗಲಿಗೇರಿಸಿ ಸ್ಕೂಟರನ್ನು ತಳ್ಳುತ್ತಿದ್ದ ನನ್ನನ್ನು, ಗಲ್ಲಿಯ ಬಾಯಲ್ಲಿ ಗ್ಯಾರೇಜಿನ ಮುಂದೆ ಕುಳಿತಿದ್ದ ಒಬ್ಬರು ಕರೆದರು.

"ಮೇಷ್ಟ್ರೇ, ಅದನ್ನ ಯಾಕೆ ವಾಕಿಂಗ್ ಕರ್ಕೊಂಡ್ ಹೋಗ್ತಿದ್ದೀರ? ಇಲ್ಲಿ ತನ್ನಿ."

ನಾನು ಮೇಷ್ಟ್ರೆಂದು ಹೇಗೆ ತಿಳಿಯಿತೆಂದು ಕೇಳಿದೆ. "ಜೇಬಲ್ಲಿ ಕೆಂಪು ಪೆನ್ನು ಇದೆಯಲ್ಲ. ಪೊಲೀಸ್ನೋರು ಇಟ್ಕೊಳ್ಳಲ್ಲ" ಎಂದರು.

ಅವರು ಸ್ಪ್ಯಾನರಿಗೆ ಕೈಹಾಕಲಿಲ್ಲ. ಕಿಕ್ಕರನ್ನು ಎರಡು ಸಲ ಒದ್ದು, ತಲೆ ವಾರೆಮಾಡಿ ಕೇಳಿಸಿಕೊಂಡರು. ಆಮೇಲೆ ಕಾರ್ಬುರೇಟರಿನಿಂದ ಹೊಟ್ಟಿನಂಥ ಕಸವನ್ನು ಊದಿ ತೆಗೆದು, ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ನನ್ನ ಸ್ಕೂಟರು ಅಂದು ಮನೆ ಸೇರಿದ ವೇಗಕ್ಕೆ ನಾನೇ ಬೆದರಿದೆ. ಮರುದಿನ ಹೋಗಿ ಹಾಗೆಂದಾಗ ಅವರು ನಕ್ಕರು.

"ಕಂಪನಿಯವ್ರು ಹೆದರ್ಕೊಂಡು ಗಾಡಿ ಬಿಡ್ತಾರೆ ಮೇಷ್ಟ್ರೇ. ಹೊಟ್ಟೆಯೊಳಗೆ ಇನ್ನೂ ಇರುತ್ತೆ. ಕೇಳೋಕೆ ಗೊತ್ತಿರಬೇಕು ಅಷ್ಟೆ."

ಆ ಮಾತು ಅವರಿಗೆ ಬರಿಯ ಹರಟೆಯಾಗಿರಲಿಲ್ಲ. ಫ್ರೇಜರ್ ಟೌನ್, ಕುಕ್ ಟೌನ್ ಕಡೆಯ ಯುವಕರು ಅವರನ್ನು ಹುಡುಕಿಕೊಂಡು ಬಂದು ತಮ್ಮ ಬೈಕುಗಳನ್ನು ಮುಂದೆ ನಿಲ್ಲಿಸುತ್ತಿದ್ದದ್ದೇ ಆ ಹೊಟ್ಟೆಯೊಳಗಿನ ವೇಗವನ್ನು ಹೊರತೆಗೆಸಲು. ಅಕ್ತರ್ ಕೈಯಾಡಿಸಿದ ಗಾಡಿ ಎಂದರೆ ಆ ಬೀದಿಗಳಲ್ಲಿ ಒಂದು ಗೌರವವಿತ್ತು.

ಅವರ ಹೆಂಡತಿ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ತಂದೆ ಮತ್ತು ಮಗಳು ನೌರೀನ್ ಇಬ್ಬರೇ. ಆ ಹುಡುಗಿ ಮುಂದೆ ನಮ್ಮ ಶಾಲೆಗೇ ಸೇರಿ ನನ್ನ ಕನ್ನಡ ತರಗತಿಯಲ್ಲಿ ಕುಳಿತಳು. ಮನೆಮಾತು ದಖನಿಯಾದರೂ ಕನ್ನಡವನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದಳು. ಹತ್ತನೆಯ ತರಗತಿಯ ನಂತರ ಪಿಯುಸಿ ಮುಗಿಸಿ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕಲಿತಳು.

2001ರಲ್ಲಿ ಸ್ಟ್ಯಾಂಡಿನಿಂದ ಜಾರಿದ ಬೈಕೊಂದು ಅಕ್ತರ್ ಅವರ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಬಿಗಿಯಾದ ನಟ್ಟೊಂದನ್ನು ಸಡಿಲಿಸಲು ಪಕ್ಕದ ಅಂಗಡಿಯವರನ್ನು ಕರೆಯಬೇಕಾದ ದಿನ ಅವರು ಗ್ಯಾರೇಜಿನ ಷಟರ್ ಎಳೆದುಬಿಟ್ಟರು. ಮನೆಯ ಒಲೆ ಈಗ ನೌರೀನಳ ಬೆರಳುಗಳ ಮೇಲೆ ನಿಂತಿತು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಅಸ್ಗರ್ ಎಂಬವರ ಸಣ್ಣ ಮುದ್ರಣಾಲಯವಿತ್ತು. ಮದುವೆಯ ಪತ್ರಿಕೆಗಳೇ ಅವರ ಮುಖ್ಯ ಕೆಲಸ. ಕೆ.ಆರ್. ಪುರ, ಮಾರತ್ತಹಳ್ಳಿ ಕಡೆ ಕಟ್ಟಡ ಕೆಲಸಕ್ಕೆ ಬಂದು ನೆಲೆಸಿದ ಕಲಬುರಗಿ, ಯಾದಗಿರಿಯ ಜನ ಅಲ್ಲಿಗೆ ಬರತೊಡಗಿದ್ದರು. ಅಸ್ಗರ್ ಅವರಿಗೆ ಕನ್ನಡ ಪತ್ರಿಕೆ ಜೋಡಿಸಿಕೊಡುವವರು ಬೇಕಿತ್ತು. ಮನೆಯಲ್ಲೇ ಕಂಪ್ಯೂಟರು ಇದ್ದರೆ ನೌರೀನಳಿಗೆ ಆ ಕೆಲಸ ಕೊಡುವುದಾಗಿಯೂ, ಒಂದು ಬೇಸಿಗೆಯ ಮದುವೆಗಳನ್ನು ತಪ್ಪಿಲ್ಲದೆ ದಾಟಿಸಿದರೆ ಕನ್ನಡದ ಕೆಲಸವೆಲ್ಲ ಖಾಯಂ ಆಗಿ ಅವಳದೇ ಎಂದೂ ಹೇಳಿದರು.

ಕಂಪ್ಯೂಟರು ಕೊಳ್ಳುವ ಶಕ್ತಿ ಆ ಮನೆಗೆಲ್ಲಿತ್ತು? ಅಕ್ತರ್ ಅವರು, "ಕೊಳ್ಳೋದು ಯಾಕೆ, ಕಟ್ಟೋಣ" ಎಂದರು.

2002ರ ಚಳಿಗಾಲವೆಲ್ಲ ಅವರು ಕಟ್ಟಿದರು. ದೊಡ್ಡ ಕಚೇರಿಗಳು ಹಳೆಯ ಕಂಪ್ಯೂಟರುಗಳನ್ನು ಹೊರಹಾಕಿದಾಗ ಅವು ಶಿವಾಜಿನಗರದ ಗುಜರಿಗೆ ಬಂದು ತೂಕಕ್ಕೆ ಮಾರಾಟವಾಗುತ್ತಿದ್ದವು. ಅಲ್ಲಿಂದ ಒಂದು ಕ್ಯಾಬಿನೆಟ್ಟು, ಒಂದು ಹಾರ್ಡ್ ಡಿಸ್ಕು, ಮುಖವೆಲ್ಲ ಹಳದಿಯಾದ ಮಾನಿಟರು ಬಂದವು. ಮದರ್‌ಬೋರ್ಡು, ಪ್ರೊಸೆಸರು, ಮೆಮೊರಿ ಎಸ್.ಪಿ. ರಸ್ತೆಯ ಅಫ್ಜಲ್ ಎಂಬ ಹಳೆಯ ಬಿಡಿಭಾಗಗಳ ವ್ಯಾಪಾರಿಯಿಂದ. ಸ್ಪ್ಯಾನರು ಹಿಡಿಯಲಾಗದ ಕೈಗೆ ಈ ಕೆಲಸ ಒಗ್ಗಿತು. ಇಲ್ಲಿ ಬಲ ಬೇಕಿರಲಿಲ್ಲ. ಪ್ರೊಸೆಸರಿನ ಮೇಲೆ ಕೂರುವ ಅಲ್ಯೂಮಿನಿಯಮ್ ರೆಕ್ಕೆಗಳನ್ನು ನೋಡಿ ಅವರು, "ಇದು ಬೈಕಿನ ಸಿಲಿಂಡರೇ ಮೇಷ್ಟ್ರೇ. ಅದೇ ಫಿನ್ನು, ಅದೇ ಗಾಳಿ, ಅದೇ ಕಾವು" ಎಂದು ಹಿಗ್ಗಿದರು. ಬೋರ್ಡಿಗೆ ಕೂರಿಸುವ ಮುನ್ನ ಪ್ರೊಸೆಸರಿನ ಬೆನ್ನಿಗೆ ತಮ್ಮ ಗ್ಯಾರೇಜಿನ ಡಬ್ಬಿಯಿಂದ ಗ್ರೀಸು ಹಚ್ಚಿ, ಅದರ ಮೇಲೆ ಆ ರೆಕ್ಕೆಗಳನ್ನು ಒತ್ತಿದರು.

ಯಂತ್ರ ಓಡಿತು. ಆದರೆ ಅಕ್ಷರಗಳ ಪುಟವೊಂದು ತೆರೆಯಲು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಬೋರ್ಡಿನ ಮೇಲೆ ಜಂಪರ್ ಎಂಬ ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆಯೊಂದಿದೆ, ಅದನ್ನು ಒಂದು ಮನೆ ಆಚೆ ಸರಿಸಿದರೆ ಮುನ್ನೂರು ಮೆಗಾಹರ್ಟ್ಸ್ ವೇಗದ ಪ್ರೊಸೆಸರು ನಾನೂರೈವತ್ತರಲ್ಲಿ ಓಡುತ್ತದೆ ಎಂದು ಅಫ್ಜಲ್ ಹೇಳಿದ್ದನಂತೆ. ಅಕ್ತರ್ ಅವರಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿತ್ತೆ? ಚಿಮಟದಿಂದ ಸರಿಸಿದರು. ಪುಟ ತಟಕ್ಕನೆ ತೆರೆಯಿತು. ಅವರು ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಗ್ಯಾರೇಜು ಮುಚ್ಚಿದಂದಿನಿಂದ ಅವರು ಹಾಗೆ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮಸೀದಿಗೆ ಹೋದರೂ ಮೀನಿನ ಅಂಗಡಿಗೆ ಹೋದರೂ ಅದೇ ಮಾತು: ನಮ್ಮ ಮನೆಯ ಮುನ್ನೂರರ ಗಾಡಿ ನಾನೂರೈವತ್ತರಲ್ಲಿ ಓಡುತ್ತಿದೆ.

ನಾನು ಅಷ್ಟು ಹೊತ್ತಿಗೆ ನಿವೃತ್ತನಾಗಿದ್ದೆ. ನೌರೀನ್ ಜೋಡಿಸಿದ ಕನ್ನಡ ಪತ್ರಿಕೆಗಳ ಕರಡನ್ನು ನೋಡಿಕೊಡುವುದು ನನಗೊಂದು ಸುಖದ ಕೆಲಸವಾಯಿತು. ಸಂಕ್ರಾಂತಿಯಾಚೆಯ ಪತ್ರಿಕೆಗಳೆಲ್ಲ ಚೆನ್ನಾಗಿ ಹೋದವು. ಬಿಸಿಲೇರಿದ ಮೇಲೆ ತೊಂದರೆ ಮೊದಲಾಯಿತು. ಮಧ್ಯಾಹ್ನವಾಯಿತೆಂದರೆ ಪರದೆ ಇದ್ದಂತೆಯೇ ಸೆಟೆದು ನಿಲ್ಲುತ್ತಿತ್ತು. ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಬೇಕು. ಅಷ್ಟರಲ್ಲಿ ಮಾಡಿದ ಕೆಲಸ ಹೋಗಿರುತ್ತಿತ್ತು. ಅಕ್ತರ್ ಅವರು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನನ್ನು ಅದಕ್ಕೇ ತಿರುಗಿಸಿಟ್ಟರು. ನೌರೀನ್ ದುಪಟ್ಟಾದಿಂದ ಬೆವರು ಒರೆಸಿಕೊಳ್ಳುತ್ತ ಕೆಲಸ ಮಾಡಿದಳು.

ಒಂದು ದಿನ ನಾನಿದ್ದಾಗಲೇ ತಂದೆ ಮಗಳ ನಡುವೆ ಮಾತು ಬಂತು. ನಾನಿದ್ದರೆ ಅವರ ಮಾತು ಕನ್ನಡಕ್ಕೆ ತಿರುಗುತ್ತಿತ್ತು.

"ಅಬ್ಬಾ, ಆ ಜಂಪರ್ ವಾಪಸ್ ಹಾಕ್ಬಿಡಿ. ನಿಧಾನ ಆದ್ರೂ ಪರವಾಗಿಲ್ಲ, ನಿಲ್ದೇ ಇದ್ರೆ ಸಾಕು."

"ನೀನು ಒಂದೇ ಸಲ ಎಷ್ಟೊಂದು ತೆಗೀತೀಯ. ಗಾಡಿ ಮೇಲೆ ನಾಲ್ಕು ಜನ ಕೂತ್ರೆ ಗಾಡಿದು ತಪ್ಪಾ?"

"ನಾನು ತೆಗೆದಿರೋದು ಎರಡೇ ಫೈಲು."

"ಎರಡು ದಪ್ಪನೋರು" ಎಂದು ಅವರು ನನ್ನತ್ತ ಕಣ್ಣು ಹೊಡೆದರು. ನೌರೀನ್ ನಗಲಿಲ್ಲ.

"ಡಿಟಿಪಿ ಕ್ಲಾಸಿನ ಮೇಡಮ್ಮೂ ಅದೇ ಹೇಳಿದ್ರು. ಸ್ಪೀಡ್ ಇಳಿಸಿ ನೋಡು ಅಂತ."

"ಅವ್ರು ಎಷ್ಟು ಗಾಡಿ ಬಿಚ್ಚಿದ್ದಾರೆ?" ಎಂದರು ಅಕ್ತರ್. ಅಲ್ಲಿಗೆ ಮಾತು ಮುಗಿಯಿತು. ಆ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸುವುದೆಂದರೆ ಗ್ಯಾರೇಜಿನ ಷಟರನ್ನು ಮತ್ತೊಮ್ಮೆ ಎಳೆದಂತೆ ಅವರಿಗೆ ಅನ್ನಿಸಿರಬೇಕು.

ಏಪ್ರಿಲ್ ಕೊನೆಯಲ್ಲಿ ಮಾನಮ್ಮ ಎಂಬ ಹೆಂಗಸು ಮಗಳ ಮದುವೆಯ ಪತ್ರಿಕೆಗೆ ಬಂದರು. ಯಾದಗಿರಿ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕೆ.ಆರ್. ಪುರದಲ್ಲಿ ಗಾರೆ ಕೆಲಸದವರು. ಕರಡು ಸಿದ್ಧವಾದ ಮೇಲೆ ಅವರು ಮತ್ತೆ ನೌರೀನಳ ಮನೆಯನ್ನೇ ಹುಡುಕಿಕೊಂಡು ಬಂದು, ಸೋದರಮಾವನ ಹೆಸರು ಸೇರಿಸಬೇಕೆಂದರು. ಅಣ್ಣ ಅಮೃತಪ್ಪ ಮತ್ತು ಅವರ ನಡುವೆ ಬಹಳ ವರ್ಷ ಮಾತಿರಲಿಲ್ಲವಂತೆ. ಈಗ ಹಿರಿಯರು ಕೂತು ಕೂಡಿಸಿದ್ದರು.

"ಅಂವ ಬಂದು ಹುಡುಗೀನ ಹಂದರದಾಗ ಕರಕೊಂಡು ಬರಬೇಕವ್ವಾ. ಹೆಸರು ಎದ್ದು ಕಾಣ್ಬೇಕು ನೋಡು" ಎಂದು ನೌರೀನಳ ಗಲ್ಲ ಮುಟ್ಟಿ ಹೇಳಿಹೋದರು.

ಆ ಹೆಸರಿದ್ದ ಕರಡನ್ನು ನಾನೇ ನೋಡಿ ಒಪ್ಪಿಗೆ ಹಾಕಿದೆ. ಮರುದಿನ ಮಧ್ಯಾಹ್ನ ಆ ಫೈಲು ಫ್ಲಾಪಿಗೆ ಏರುವ ಮೊದಲೇ ಯಂತ್ರ ನಿಂತಿತು. ಮತ್ತೆ ಹಚ್ಚಿದಾಗ ಫೈಲು ತೆರೆಯಲೇ ಇಲ್ಲ. ನೌರೀನ್ ಹಳೆಯ ಪ್ರತಿಯನ್ನೇ ತೆಗೆದು ತಿದ್ದುಪಡಿಗಳನ್ನು ಮೊದಲಿನಿಂದ ಮಾಡಿದಳು, ಅದು ನಿಂತಿತು. ಮತ್ತೆ ಮಾಡಿದಳು; ಮತ್ತೆ ನಿಂತಿತು. ಮುದ್ರಣಾಲಯದಿಂದ ಬಂದ ಆಳು ಬಾಗಿಲಲ್ಲಿ ಕಾಯುತ್ತಿದ್ದ. ಕೊನೆಗೊಮ್ಮೆ ನಿಲ್ಲದೆ ಉಳಿದ ಪ್ರತಿಯನ್ನು ಫ್ಲಾಪಿಗೆ ಹಾಕಿ ಅವನ ಕೈಗೆ ಕೊಟ್ಟು ಕಳಿಸಿದಳು. ಆ ಪ್ರತಿಯಲ್ಲಿ ಮುಹೂರ್ತದ ವೇಳೆ ಸರಿಯಾಗಿತ್ತು, ಸ್ಥಳ ಸರಿಯಾಗಿತ್ತು. ಸೋದರಮಾವನ ಸಾಲು ಇರಲಿಲ್ಲ.

ಪತ್ರಿಕೆಗಳು ಹಂಚಿಹೋದವು. ಒಂದು ಅಮೃತಪ್ಪನ ಮನೆಗೂ ಹೋಯಿತು.

ಮಾನಮ್ಮ ಮುದ್ರಣಾಲಯಕ್ಕೆ ಬಂದ ದಿನ ಅಸ್ಗರ್ ನಮ್ಮನ್ನೆಲ್ಲ ಕರೆಸಿದರು. ಆಕೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕೇಳಿದರು: "ನಮ್ಮಣ್ಣ ಅಂತಾನ, ಕರೆದು ಕೂಡಿಸಿ ಮಂದಿ ಮುಂದ ಹೆಸರು ತೆಗದಿ, ಇದಕ್ಕಿಂತ ಮಾತಾಡಸ್ದೇ ಇದ್ರೆ ಛಲೋ ಇತ್ತು ಅಂತ. ನಾ ಅವಂಗ ಏನಂತ ಹೇಳ್ಲಿ?"

ಅಸ್ಗರ್ ನೌರೀನಳ ಕಡೆ ತಿರುಗಿದರು. "ಏನಮ್ಮಾ, ಮೇಷ್ಟ್ರು ನೋಡಿದ ಕರಡಲ್ಲಿ ಹೆಸರಿದೆಯಂತೆ. ಆಮೇಲೆ ಹೆಂಗೆ ಹೋಯ್ತು?"

ನೌರೀನ್ ತಂದೆಯ ಕಡೆ ನೋಡಿದಳು. ಯಂತ್ರವನ್ನು ಕಟ್ಟಿದವರು, ಅದನ್ನು ಓಡಿಸಿದವರು ಅಲ್ಲಿಯೇ ನಿಂತಿದ್ದರು. ಅವರು ತಮ್ಮ ಬಲ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ನಾನೇ ಮರೆತೆ, ಭಾಯ್. ನನ್ನದೇ ತಪ್ಪು" ಎಂದಳು ನೌರೀನ್.

ಅಸ್ಗರ್, ಇನ್ನು ಕೆಲಸ ಕಳಿಸುವುದಿಲ್ಲವೆಂದು ಮೃದುವಾಗಿಯೇ ಹೇಳಿದರು. ಆ ಓಣಿಯಿಂದ ಮನೆಯವರೆಗೂ ಮಗಳು ಮುಂದೆ, ತಂದೆ ಹಿಂದೆ ನಡೆದರು.

ಮರುದಿನ ಬೆಳಿಗ್ಗೆ ಅಕ್ತರ್ ಅವರು ಬೋರ್ಡನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಅಫ್ಜಲ್‌ನ ಅಂಗಡಿಗೆ ಹೊರಟರು. ನನಗೆ ಮನೆಯಲ್ಲಿರಲು ಮನಸ್ಸಾಗದೆ ಜೊತೆಗೆ ಹೋದೆ. ಅಫ್ಜಲ್ ರೆಕ್ಕೆಗಳನ್ನು ಎತ್ತಿದ. ಗ್ರೀಸು ಕಾವಿಗೆ ಕರಗಿ ಇಳಿದು ಧೂಳಿನೊಂದಿಗೆ ಕಪ್ಪಗೆ ಅಂಟಿಕೊಂಡಿತ್ತು. ಪ್ರೊಸೆಸರಿನ ಬೆನ್ನು ಬರಿದಾಗಿತ್ತು.

"ಚಾಚಾ, ಇದೇನು ಬೇರಿಂಗಾ?" ಎಂದು ಅವನು ನಕ್ಕ. "ಇದಕ್ಕೆ ಬೇರೆ ಪೇಸ್ಟ್ ಇರುತ್ತೆ, ಬಿಳಿಯದು. ಇದು ಕಾವು ದಾಟಿಸಲ್ಲ, ಬೇಸಿಗೇಲಿ ಹರಿದು ಹೋಗುತ್ತೆ. ಇಷ್ಟು ದಿನ ಆ ಸ್ಪೀಡಲ್ಲಿ ಓಡಿದ್ದೇ ಹೆಚ್ಚು."

ಬೇರಿಂಗಿಗೆ ಗ್ರೀಸು ಹಚ್ಚಿಯೇ ಬದುಕಿದ ಕೈಗೆ ಹೊಳಪಿನ ಎರಡು ಲೋಹಗಳ ನಡುವೆ ಇನ್ನೇನು ಹಚ್ಚಬೇಕೆಂದು ತೋಚಿರಲಿಲ್ಲ. ಅವರು ಬೋರ್ಡನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು. ದಾರಿಯಲ್ಲಿ ಬಸ್ಸಿಗೆ ಕಾಯುವಾಗ, "ಮೇಷ್ಟ್ರೇ, ಆ ಮಾನಮ್ಮನ ಅಣ್ಣನ ಮನೆ ಎಲ್ಲಿ?" ಎಂದು ಕೇಳಿದರು.

ಅಮೃತಪ್ಪ ಮಾರತ್ತಹಳ್ಳಿಯಲ್ಲಿ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಸಂಜೆ ನಾವು ಹೋದಾಗ ಬಾಡಿಗೆಯ ಕೋಣೆಯ ಮುಂದೆ ಕುಳಿತು ಕಾಲು ತೊಳೆಯುತ್ತಿದ್ದರು. ಅಕ್ತರ್ ಟೋಪಿ ಸರಿಪಡಿಸಿಕೊಂಡು ನಿಂತೇ ಹೇಳಿದರು.

"ನಿಮ್ಮ ಹೆಸರು ನಿಮ್ಮ ತಂಗಿ ತೆಗೆದಿಲ್ಲಣ್ಣಾ. ನನ್ನ ಮಗಳೂ ಮರೆತಿಲ್ಲ. ಮಿಷನ್ ನಂದು. ಅದು ಓಡೋದಕ್ಕಿಂತ ಜೋರಾಗಿ ನಾನು ಓಡಿಸ್ದೆ. ಅದು ನಿಂತು ನಿಂತು ನಿಮ್ಮ ಸಾಲು ತಿಂದುಹಾಕ್ತು."

ಅಮೃತಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟು ಮಂದಿ ಹೆಸರಿದ್ವು. ಆ ಮಿಷನ್ನಿಗೆ ನನ್ನ ಮ್ಯಾಲೇ ಏನ್ ಸಿಟ್ಟಿತ್ರೀ?"

"ಎಲ್ರಿಗಿಂತ ಆಮೇಲೆ ಬಂದಿದ್ದು ನಿಮ್ಮ ಹೆಸರು. ಹಿಂದೆ ಕೂತೋರು ಮೊದಲು ಬೀಳ್ತಾರೆ."

"ಮತ್ತ ಮಾನಮ್ಮನ ಮುಂದ ಇದನ್ನ ಯಾಕ ಹೇಳ್ಲಿಲ್ಲ ನೀವು?"

ಅಕ್ತರ್, "ಮಗಳು ಹೇಳಿದ್ದು ಸರಿ ಅಂತ ಒಪ್ಪೋಕೆ ಆಗ್ಲಿಲ್ಲ" ಎಂದರು.

ಅಮೃತಪ್ಪ ಒಳಗಿನಿಂದ ಚಹಾ ತರಿಸಿದರು. ಬರುವೆನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಮದುವೆಯ ದಿನ ಅವರು ಬಂದು ಸೋದರಸೊಸೆಯನ್ನು ಹಂದರಕ್ಕೆ ಕರೆತಂದರಂತೆ. ಆದರೆ ಊಟಕ್ಕೆ ನಿಲ್ಲದೆ ಹೋದರಂತೆ. ಮಾನಮ್ಮ ಅದನ್ನು ನನಗೆ ಹೇಳುವಾಗ ಅತ್ತರೋ ಸಮಾಧಾನಪಟ್ಟರೋ ತಿಳಿಯಲಿಲ್ಲ.

ಅಕ್ತರ್ ಅವರು ಅಸ್ಗರ್ ಬಳಿಗೂ ಹೋಗಿ ನಿಜ ಹೇಳಿದರು. ಅಸ್ಗರ್ ಕೇಳಿಸಿಕೊಂಡರು. ಆದರೆ ಕೆಲಸ ಅಷ್ಟರಲ್ಲಿ ಬೇರೆಯವರ ಕೈಸೇರಿತ್ತು, ಅದು ಮರಳಲಿಲ್ಲ. ನೌರೀನ್ ಇಂದಿರಾನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ನೌಕರಿಗೆ ಸೇರಿದಳು. ತಂದೆಯೊಡನೆ ಜಗಳವಾಡಲಿಲ್ಲ. ಅಡಿಗೆ ಮಾಡಿಟ್ಟು, ಔಷಧ ತಂದಿಟ್ಟು, ಬೇಕಾದಷ್ಟೇ ಮಾತಾಡಿದಳು. ಒಂದು ಮನೆಯಲ್ಲಿ ಇಬ್ಬರೇ ಇದ್ದಾಗ ಬೇಕಾದಷ್ಟೇ ಮಾತು ಎಂದರೆ ಎಷ್ಟು ಕಡಿಮೆಯೆಂಬುದು ಅಕ್ತರ್ ಅವರಿಗೆ ಆಗ ತಿಳಿಯಿತು.

ಇದೆಲ್ಲ ಆಗಿ ಆರು ವರ್ಷವಾಯಿತು. ಅಕ್ತರ್ ಅವರು ಈಗಲೂ ಗುಜರಿಯ ಭಾಗಗಳಿಂದ ಕಂಪ್ಯೂಟರು ಕಟ್ಟುತ್ತಾರೆ. ಟೈಲರುಗಳು, ಟ್ಯೂಷನ್ ಹೇಳುವವರು, ಟ್ರಾವೆಲ್ಸಿನವರು ಕೊಳ್ಳುತ್ತಾರೆ. ಬಿಳಿಯ ಪೇಸ್ಟನ್ನು ಬೇಳೆಕಾಳಿನಷ್ಟೇ ಹಚ್ಚುತ್ತಾರೆ. ಜೋರಾಗಿ ಓಡಿಸಿಕೊಡಿ ಎಂದು ಯಾರಾದರೂ ಕೇಳಿದರೆ, "ಬೇರೆ ಕಡೆ ಮಾಡಿಸ್ಕೊಳ್ಳಿ" ಎನ್ನುತ್ತಾರೆ.

ನೌರೀನ್ ಕಳೆದ ವರ್ಷ ಕಂತಿನ ಮೇಲೆ ಹೊಸ ಕಂಪ್ಯೂಟರು ತಂದು, ಸಂಜೆಗಳಲ್ಲಿ ಮನೆಯಲ್ಲೇ ಪತ್ರಿಕೆಗಳನ್ನು ಜೋಡಿಸತೊಡಗಿದ್ದಾಳೆ. ಅದರ ಹಿಂಬದಿಯಲ್ಲಿ ಕಂಪನಿಯವರ ಚೀಟಿ ಅಂಟಿಸಿದೆ. ಬಿಚ್ಚಲು ಹೋಗಿ ಅದು ಹರಿದರೆ ವಾರಂಟಿ ಇಲ್ಲ. ಹಿಂದಿನ ವಾರ ನಾನು ಹೋದಾಗ ಅವಳು ಕೆಲಸದಿಂದ ಬಂದಿರಲಿಲ್ಲ. ಅಕ್ತರ್ ಅವರು ಒದ್ದೆ ಬಟ್ಟೆ ಹಿಂಡಿ ಆ ಡಬ್ಬಿಯ ಹೊರಮೈ ಒರೆಸುತ್ತಿದ್ದರು. ಒಳಗಿನ ಫ್ಯಾನು ಸ್ವಲ್ಪ ಸದ್ದು ಮಾಡುತ್ತಿತ್ತು, ನನಗೂ ಕೇಳಿಸುವಷ್ಟು.

"ಒಂದು ತೊಟ್ಟು ಎಣ್ಣೆ ಸಾಕು ಅದಕ್ಕೆ" ಎಂದರು.

"ಹಾಕಬಾರದೆ?" ಎಂದೆ.

"ಅವಳು ಬರ್ಲಿ. ಕೇಳ್ತೀನಿ" ಎಂದು, ಚೀಟಿ ಒದ್ದೆಯಾಗದಂತೆ ಅದರ ಸುತ್ತ ಮೆಲ್ಲಗೆ ಬಟ್ಟೆಯಾಡಿಸಿದರು.