ನಮ್ಮವರು ಹಿಮಸಮುದ್ರಕ್ಕೆ ಹೋದ ವರ್ಷ

ಯಜಮಾನರು ಎಲ್ಲಿ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ ಗೃಹಿಣಿಯಾದವಳು ಹೇಳಬಹುದಾದ ಗೌರವಸ್ಥ ಉತ್ತರಗಳು ಕೆಲವಿವೆ. ಕಚೇರಿಗೆ ಹೋಗಿದ್ದಾರೆ, ತೋಟದ ಕಡೆ ಹೋಗಿದ್ದಾರೆ, ಸ್ನಾನಕ್ಕೆ ಹೊಳೆಗೆ ಇಳಿದಿದ್ದಾರೆ. ಇಸ್ಪೀಟಾಡಲು ಹೋಗಿದ್ದಾರೆ ಎಂದರೂ ಲೋಕ ನಕ್ಕು ಕ್ಷಮಿಸುತ್ತದೆ. ಆದರೆ ಹೊಳೇನರಸೀಪುರದ ದೇವಸ್ಥಾನದ ಬೀದಿಯಲ್ಲಿ, ಐವತ್ತರ ದಶಕ ಇನ್ನೇನು ಮುಗಿಯಲಿದ್ದ ಕಾಲದಲ್ಲಿ, ‘ದಕ್ಷಿಣ ಧ್ರುವದ ಸಮುದ್ರಕ್ಕೆ ಹೋಗಿದ್ದಾರೆ’ ಎಂದು ಹೇಳಬೇಕಾಗಿ ಬಂದ ನತದೃಷ್ಟೆ, ಪ್ರಿಯ ಓದುಗರೇ, ಬಹುಶಃ ನಾನೊಬ್ಬಳೇ.

ನಮ್ಮವರು ಹವಾಮಾನದ ಇಲಾಖೆಯಲ್ಲಿದ್ದರು. ಪರದೇಶದ ಸಂಶೋಧನಾ ಹಡಗೊಂದರಲ್ಲಿ ಸ್ಥಳ ಸಿಕ್ಕಿತೆಂಬ ಸುದ್ದಿ ಬಂದಾಗ ನಮ್ಮ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಲಗ್ನದ ರಾತ್ರಿ ಶಾಸ್ತ್ರೋಕ್ತವಾಗಿ ಕೈಹಿಡಿದು ಧ್ರುವನಕ್ಷತ್ರ ತೋರಿಸಿದ ಪುಣ್ಯಾತ್ಮರು, ಅಷ್ಟಕ್ಕೇ ತೃಪ್ತರಾಗದೆ ಧ್ರುವಕ್ಕೇ ಹೊರಟುನಿಂತರು. ಅದೂ ತೋರಿಸಿದ ದಿಕ್ಕಿಗೆ ತೀರ ವಿರುದ್ಧವಾದ ಧ್ರುವಕ್ಕೆ! ಹಡಗು ಹಿಮದ ನಡುವೆ ಹೊಕ್ಕ ಮೇಲೆ ಟಪಾಲಿಲ್ಲ, ತಂತಿಯಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ವಿಧವೆಯಾದ ನನ್ನ ಅತ್ತೆ, ಇಬ್ಬರೇ.

ಮೊದಲು ಪ್ರಶ್ನೆ ತಂದವಳು ಮೊಸರು ಮಾರುವ ಪುಟ್ಟತಾಯಮ್ಮ.

“ಅವ್ವಾ, ನಿಮ್ ಯಜಮಾನ್ರು ಕಾಣಾಕೇ ಇಲ್ವಲ್ಲ, ಎಲ್ಲವ್ರೆ?”

ನಾನು ಹೇಳಿದೆ. ಸಮುದ್ರವೇ ಹೆಪ್ಪುಗಟ್ಟುವ ಜಾಗ, ಆ ಗಡ್ಡೆಯನ್ನು ಅಳೆಯುವ ಕೆಲಸ ಎಂದು ವಿವರಿಸಿದೆ. ಅವಳು ತಲೆಯ ಮೇಲಿನ ಗಡಿಗೆಯನ್ನು ಇಳಿಸಿಯೇ ಕೇಳಿಸಿಕೊಂಡಳು.

“ನೀರ್ಗೆಡ್ಡೆ ನೋಡಾಕೆ ಅಷ್ಟು ದೂರ ಓಗವ್ರಾ? ಅದ್ಕೂ ಸಂಬ್ಳ ಕೊಡ್ತಾರಾ?” ಎಂದು ಕೇಳಿ, ನನ್ನ ಮುಖವನ್ನು ಮರುಕದಿಂದ ನೋಡಿ, ಅಂದು ಒಂದು ಸೌಟು ಮೊಸರು ಹೆಚ್ಚಿಗೆ ಹಾಕಿ ಹೋದಳು.

ಆ ಹೆಚ್ಚಿನ ಸೌಟಿನ ಅರ್ಥ ನನಗೆ ಹೊಳೆಯಲು ಹೆಚ್ಚು ದಿನ ಹಿಡಿಯಲಿಲ್ಲ. ನಮ್ಮವರು ಸನ್ಯಾಸಿಯಾದರೆಂದು ಮೇಲಿನ ಬೀದಿಯವರು ನಿರ್ಧರಿಸಿದರು. ಬಿಳಿಯ ಹೆಂಗಸನ್ನು ಕಟ್ಟಿಕೊಂಡರೆಂದು ಕೆಳಗಿನ ಬೀದಿಯವರು. ಅರಸೀಕೆರೆಯ ಸ್ಟೇಷನ್ನಿನಲ್ಲಿ ಅವರು ಕಾಫಿ ಕುಡಿಯುತ್ತಿದ್ದುದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ನಗುತ್ತಲೇ ಕೇಳಿಸಿಕೊಂಡೆನೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಒರಳ ಮುಂದೆ ಕುಳಿತವಳು, ರುಬ್ಬುವುದನ್ನು ನಿಲ್ಲಿಸಿ ಅತ್ತುಬಿಟ್ಟೆ. ಪ್ರೀತಿಯಿದ್ದವರು ಹೀಗೆ ಬಿಟ್ಟುಹೋಗುತ್ತಾರೆಯೇ ಎಂಬ ಸಂಶಯ ನನ್ನೊಳಗೂ ಸೇರಿಕೊಂಡಿತ್ತು.

ಅತ್ತೆ ಕೈತೊಳೆದುಕೊಂಡು ಬಂದು, “ಅವನ ಬೀರೂನಲ್ಲಿ ಪುಸ್ತಕ ಇದೆಯಲ್ಲ, ತೆಗಿ. ಅಂಥಾದ್ದು ಅಲ್ಲಿ ಏನಿದೆ ಅಂತ ನಾವೂ ನೋಡೇಬಿಡೋಣ” ಎಂದರು.

ಹೀಗೆ ನಮ್ಮ ಅಡಿಗೆಮನೆ ಧ್ರುವಸಂಶೋಧನೆಯ ಶಾಖೆಯಾಯಿತು. ಇಂಟರ್‌ಮೀಡಿಯೆಟ್ಟಿಗೇ ಓದು ನಿಲ್ಲಿಸಿ ಹಸೆಮಣೆ ಏರಿದ್ದ ನಾನು ಇಂಗ್ಲಿಷನ್ನು ತಡವರಿಸಿ ಕನ್ನಡಿಸುವುದು. ಅತ್ತೆ ಹುರುಳಿಕಾಯಿ ಸೋಸುತ್ತ ಆಕ್ಷೇಪಣೆಗಳನ್ನು ಎತ್ತುವುದು. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಅದು ಕರಗಿದರೆ ಕಪ್ಪು ನೀರು ಬಿಸಿಲನ್ನು ಕುಡಿದು ಇನ್ನಷ್ಟು ಕಾಯುತ್ತದೆ ಎಂದು ಓದಿದಾಗ ಅವರಿಗೆ ಅದು ಸುಣ್ಣ ಬಳಿದ ತಾರಸಿಯಷ್ಟು ಸುಲಭವಾಗಿ ಅರ್ಥವಾಯಿತು. ಕಾರ್ಖಾನೆಗಳ ಹೊಗೆಯಿಂದ ಭೂಮಿಯೇ ಬೆಚ್ಚಗಾಗುತ್ತಿರಬಹುದೆಂದು ಕೆಲವು ವಿದ್ವಾಂಸರು ಶಂಕಿಸುತ್ತಾರೆ ಎಂದು ಓದಿದ ದಿನ ಮಾತ್ರ, ಒಲೆಯತ್ತ ತಿರುಗಿ, “ನಮ್ಮ ಸೌದೆ ಹೊಗೇನೂ ಲೆಕ್ಕಕ್ಕೆ ಹಿಡೀತಾರಾ?” ಎಂದು ಅಳುಕಿನಿಂದ ಕೇಳಿದರು. ನಾನು ಅಭಯವಿತ್ತೆ. ನನ್ನ ಪಾಂಡಿತ್ಯಕ್ಕೆ ಅದು ಅತ್ಯುನ್ನತ ಶಿಖರ.

ಅಷ್ಟರಲ್ಲಿ ಹಾಸನದಲ್ಲಿದ್ದ ನಮ್ಮ ತಂದೆ, ಚನ್ನರಾಯಪಟ್ಟಣದ ಒಂದು ಮದುವೆಯ ಪಂಕ್ತಿಯಲ್ಲಿ ಈ ಸುದ್ದಿಗಳನ್ನೆಲ್ಲ ಹೋಳಿಗೆಯೊಂದಿಗೆ ಬಡಿಸಿಕೊಂಡು, ಮರುದಿನವೇ ನಮ್ಮ ಬಾಗಿಲಿಗೆ ಬಂದರು. ನಿವೃತ್ತ ಅಮಲ್ದಾರರು, ಕುಳಿತುಕೊಳ್ಳಲೂ ಒಪ್ಪಲಿಲ್ಲ.

“ಮಗಳನ್ನ ಕರಕೊಂಡು ಹೋಗಕ್ಕೆ ಬಂದಿದೀನಿ” ಎಂದರು. “ನಿಮ್ಮ ಮಗ ಬಂದಾಗ, ಬಂದರೆ, ಹೇಳಿ ಕಳಿಸಿ.”

‘ಬಂದರೆ’ ಎಂಬ ಮಾತು ಕಿವಿಗೆ ಬಿದ್ದದ್ದೇ, ಅತ್ತೆ ಸೆರಗು ಸರಿಮಾಡಿಕೊಂಡು, ಪರಪುರುಷರ ಎದುರು ಎಂದೂ ದನಿಯೆತ್ತದವರು, ಕಂಬದ ಪಕ್ಕದಿಂದ ಮುಂದಕ್ಕೆ ಬಂದರು.

“ಬೀಗರೇ, ಸಮುದ್ರದ ನೀರು ಹೆಪ್ಪುಗಟ್ಟೋವಾಗ ತನ್ನ ಉಪ್ಪನ್ನ ಹೊರಗೆ ಬಿಟ್ಟುಬಿಡತ್ತೆ. ಆ ಉಪ್ಪು ಸೇರಿದ ತಣ್ಣೀರು ಭಾರ ಆಗಿ ತಳಕ್ಕೆ ಇಳಿಯತ್ತೆ. ಇಳಿದು, ತಳದಲ್ಲೇ ಹರಕೊಂಡು ಲೋಕದ ಬೇರೆ ಸಮುದ್ರಕ್ಕೆಲ್ಲ ಹೋಗತ್ತೆ. ಎಷ್ಟು ಇಳಿಯತ್ತೆ, ಎಷ್ಟು ತಣ್ಣಗಿರತ್ತೆ, ಅದನ್ನ ಅಳೆಯಕ್ಕೆ ನನ್ನ ಮಗ ಹೋಗಿದಾನೆ. ಸನ್ಯಾಸಕ್ಕಲ್ಲ.”

ತಂದೆ ತಬ್ಬಿಬ್ಬಾದರು. “ಅದರಿಂದ ನಮಗೇನು ಪ್ರಯೋಜನ?”

“ಅದು ಇನ್ನೂ ಗೊತ್ತಿಲ್ಲವಂತೆ. ಗೊತ್ತಿದ್ದಿದ್ರೆ ಅವನು ಯಾಕೆ ಹೋಗ್ತಿದ್ದ? ನಮ್ಮ ಮಳೆಗೂ ಅದಕ್ಕೂ ಸಂಬಂಧ ಇದ್ದರೂ ಇರಬಹುದು ಅಂತಾಳೆ ನಿಮ್ಮ ಮಗಳು. ಇಂಥಾ ಓದಿನವಳನ್ನ ಮದುವೆ ಮಾಡಿ ಓದು ಯಾಕೆ ಬಿಡಿಸಿದಿರಿ?”

ತಂದೆ ನನ್ನ ಕಡೆ ನೋಡಿದರು. “ಬರ್ತೀಯೇನಮ್ಮ?” ಎಂದು ಕೇಳಿದರು, ಈ ಸಲ ದನಿಯಲ್ಲಿ ಅಮಲ್ದಾರಿಕೆ ಇರಲಿಲ್ಲ. ಪುಸ್ತಕ ಇನ್ನೂ ಅರ್ಧ ಉಳಿದಿದೆ ಎಂದೆ. ಅದಕ್ಕಿಂತ ಘನವಾದ ಉತ್ತರ ನನಗೆ ತೋಚಲಿಲ್ಲ. ಅವರು ಕುಳಿತರು, ಊಟ ಮಾಡಿದರು, ಸಂಜೆಯ ರೈಲಿಗೆ ಒಬ್ಬರೇ ಹೊರಟರು.

ಮಾವಿನಕಾಯಿ ಉಪ್ಪಿನಲ್ಲಿ ಬಿದ್ದ ಹೊತ್ತಿಗೆ ನಮ್ಮವರು ಬಂದರು. ಗಡ್ಡ ಬಂದಿತ್ತು, ಮೂಗಿನ ತುದಿಯ ಚರ್ಮ ಸುಲಿದಿತ್ತು. ಹಿಮ ಕಮ್ಮಿಯಾಗುತ್ತಿದೆಯೇ ಎಂದು ಅತ್ತೆ ಸ್ನಾನಕ್ಕೂ ಬಿಡದೆ ಕೇಳಿದರು.

“ಒಂದು ವರ್ಷ ನೋಡಿದರೆ ಹೇಳಕ್ಕಾಗಲ್ಲಮ್ಮ. ವರ್ಷವರ್ಷವೂ ಅಳೀತಾನೇ ಇರಬೇಕು. ಒಬ್ಬರ ಆಯುಷ್ಯ ಸಾಲದು.”

“ಹಾಗಾದ್ರೆ ಮತ್ತೆ ಹೋಗಬೇಕು.”

ಅವರು ನನ್ನ ಕಡೆ ಕಳ್ಳನೋಟ ಬೀರಿದರು.

“ಅವಳನ್ನೇನು ನೋಡ್ತೀಯ? ಅವಳನ್ನೂ ಕರಕೊಂಡು ಹೋಗು.”

“ಆ ಹಡಗಿಗೆ ಹೆಂಗಸರನ್ನ ಹತ್ತಿಸಲ್ಲ.”

“ಯಾಕಂತೆ?”

ಸಮುದ್ರದ ತಳವನ್ನೇ ಅಳೆದು ಬಂದ ಮಹಾಶಯರು ಗಡ್ಡ ಕೆರೆದುಕೊಂಡರು. ಅವರು ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆಗೂ ಬರಲಿಲ್ಲ. “ಹತ್ತಿಸೋ ಕಾಲಕ್ಕೆ ಇವಳ ಓದಾದ್ರೂ ಮುಗಿದಿರಲಿ” ಎಂದು ಎದ್ದು ಬಚ್ಚಲ ಒಲೆಗೆ ಉರಿ ಹಾಕಲು ಹೋದರು.

ಮುಂದಿನ ಸಲ ನಮ್ಮವರು ಹಡಗಿಗೆ ಹೊರಟಾಗ ಸ್ಟೇಷನ್ನಿಗೆ ಎರಡು ಟ್ರಂಕು ಹೋದವು. ಹಾಸನದಲ್ಲಿ ನಾನು ಇಳಿದೆ. ತಂದೆ ಗಾಡಿ ತಂದು ಕಾಯುತ್ತಿದ್ದರು. ಕಾಲೇಜಿನ ಭೌತಶಾಸ್ತ್ರದ ತರಗತಿಗೆ ನನ್ನ ಹೆಸರನ್ನು ತಾವೇ ಹೋಗಿ ಬರೆಸಿ ಬಂದಿದ್ದರು. ನಮ್ಮವರು ಕಿಟಕಿಯಿಂದ ಕೈಬೀಸುತ್ತ ಅರಸೀಕೆರೆಯ ಕಡೆಗೆ, ಮುಂಬಯಿಯ ಕಡೆಗೆ, ಅಲ್ಲಿಂದಾಚೆಗೆ ಹೋದರು. ಮಾರನೆಯ ದಿನ ಬಾಗಿಲಿಗೆ ಬಂದ ಪುಟ್ಟತಾಯಮ್ಮ, ಮನೆಯಲ್ಲಿ ಇಬ್ಬರೂ ಕಾಣರಲ್ಲ ಎಂದು ಕೇಳಿದಳಂತೆ.

“ಇಬ್ಬರೂ ಒಂದೇ ಕೆಲಸಕ್ಕೆ ಹೋಗಿದಾರೆ ಕಣೇ” ಎಂದರಂತೆ ಅತ್ತೆ.